ವಿಭೂತಿ ತಿಂದ ಕೋಳಿಗಳು

ಮುಂಜಾನೆ ಎದ್ದು ಕೋಳಿಗೂಡಿನ ಬಾಗಿಲಾ ತೆಗದ ಶರಣಮ್ಮ ಒಂದ ಹೆಜ್ಜಿ ಹಿಂದ ಸರದ್ಲು. ತತ್ತಿ ಇಡೋ ಪೆಟ್ಟಿಗ್ಯಾಗಿನ ಹುಲ್ಲೆಲ್ಲಾ ತೊಯ್ದು ಹಳದಿ ಆಗಿತ್ತು. ಒಡದ ಸಿಪ್ಪಿ ಅಲ್ಲೊಂದು ಇಲ್ಲೊಂದು, ಅದರ ಮ್ಯಾಲೆ ಇರಿವಿ ಸಾಲು. ಕೆಂಪಿ ಅನ್ನೂ ಕೋಳಿ ಪೆಟ್ಟಿಗಿ ಅಂಚಿಗೆ ಕೂತು, ಮದವಿ ಊಟಾ ಮುಗಿಸಿದ ಬೀಗರಂಗ ಚುಂಚಾ ಒರಸಾಕತ್ತಿತ್ತು.

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ನೀ ಇಟ್ಟದ್ದನ್ನ ನೀನ ತಿಂತೀಯೇನ?" ಅಂತ ಶರಣಮ್ಮ ಸೆರಗಿಲೆ ಮೂಗ ಮುಚ್ಚಕೊಂಡು ಬೈದ್ಲು. ಬೈಯೂದು ಬಿಟ್ಟು ಆಕಿಗೆ ಮತ್ತೇನೂ ಮಾಡಾಕ ಬರತಿರಲಿಲ್ಲ. ಯಾಕಂದ್ರ ಆಕಿ ತತ್ತಿ ಮುಟ್ಟಾಕಿ ಅಲ್ಲ.

ಮುಟ್ಟೂದು ದೂರ ಉಳೀತು, ತತ್ತಿ ಅನ್ನೂ ಮಾತು ಸೈತ ಆಕಿ ಮನ್ಯಾಗ ಯಾರೂ ಆಡತಿರಲಿಲ್ಲ. ಬ್ಯಾಡಗಿ ಕಡೆ ಅಯ್ಯನೋರ ಮನಿತನ ಅವರದು. ಗಂಡ ಅಡಿವೆಯ್ಯ ಗೋವಾದ ಕೆಪೆ ಪ್ಯಾಟ್ಯಾಗ ಕಿರಾಣಿ ಅಂಗಡಿ ಇಟ್ಟು, ಊರ ಕಡೆಯಿಂದ ಮೆಣಸಿನಕಾಯಿ, ಜ್ವಾಳ, ಬೆಲ್ಲ ತರಿಸಿ ಮಾರತಿದ್ದ. ಹಂಚಿನ ದೊಡ್ಡ ಮನಿ, ಮುಂದಿನ ಭಾಗದಾಗ ಅಂಗಡಿ, ಹಿಂದ ಎರಡು ಖೋಲಿ ಇವರಿಗೆ. ಉಳದ ಅರ್ಧಾ ಮನಿ, ಹಿತ್ತಲಾ, ಬಾವಿ, ಕೋಳಿಗೂಡು ಎಲ್ಲಾ ಮನಿ ಒಡತಿ ಕಿತೇರಿಮಾಯ್‌ದು. ಒಬ್ಬಾಕಿನ ಇದ್ದ ಮುದುಕಿ ಆಕಿ, ಕ್ರಿಶ್ಚನ್‌ರಾಕಿ.

ಆ ಮುದುಕಿ ಮ್ಯಾಲೆ ಶರಣಮ್ಮನ ಜೀವ. ಹೋದ ಮಳಿಗಾಲದಾಗ ಅಡಿವೆಯ್ಯ ಮಾಲ್ ತರಾಕ ಹುಬ್ಬಳ್ಳಿಗೆ ಹೋಗಿದ್ದಾಗ ಶರಣಮ್ಮಗ ಅವಧಿಗೆ ಮೊದಲ ಬ್ಯಾನಿ ಸುರುವಾತು. ಹೊರಗ ಧೋ ಧೋ ಮಳಿ, ಗಾಡಿ ಇಲ್ಲ, ನರ್ಸ್ ಇಲ್ಲ. ಗ್ವಾಡಿ ಬಡದು ಕೂಗಿದ್ದಕ್ಕ ಓಡಿ ಬಂದಾಕಿ ಕಿತೇರಿಮಾಯ್. ಕೂಸಿನ ಕೊಳ್ಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು. ಮಂಜು ಕಣ್ಣಿನ್ಯಾಗ, ಬರೇ ಬಟ್ಟಿನ ಗುರುತಿಲೆ ಅದನ್ನ ಬಿಡಿಸಿ, ಕೂಸಿನ ಬೆನ್ನಿಗೆ ಬಡದು ಅಳಿಸಿದ್ಲು. ಅಂಥಾಕಿ ಕಣ್ಣಿನ ಪೊರಿ ತೆಗಿಸ್ಕೊಳ್ಳಾಕ ಮಗಳಿದ್ದ ಮುಂಬೈಗೆ ಹೊಂಟಾಗ ಬಂದು ಕೇಳಿದ್ದು ಒಂದ ಮಾತು.

"ಬಾಯ್, ಕೋಳಿ ನೋಡಕೊಳ್ಳೂದು ನಿನಗ ಆಗೂದಿಲ್ಲಂದ್ರ ಈಗ ಹೇಳು. ಇನಾಸಗ ಕೊಟ್ಟು ಹೋಗತೇನಿ. ಆದ್ರ ತಿರಗಿ ಬಂದಾಗ ಹೊಸಾ ಕಣ್ಣಿಲೆ ಅವನ್ನ ನೋಡಬೇಕಂತ ಭಾಳ ಆಸೆ ಐತಿ."

ಇನಾಸ ಅಂದ್ರ ಆಕಿ ತಂಗಿ ಮಗ. ಕಲಂಗುಟದಾಗ ಸಮುದ್ರದ ದಂಡಿ ಮ್ಯಾಲೆ ಅವಂದೊಂದು ಚಪ್ಪರದ ಹೊಟೆಲ್. ಅವಗ ಕೊಟ್ರ ಕೋಳಿ ಎಲ್ಲಿಗೆ ಹೋಗತಾವ ಅಂತ ಬಾಯಿ ಬಿಟ್ಟು ಹೇಳಬೇಕೇನ? ಶರಣಮ್ಮ ಕೂಸಿನ ತಲಿ ಮ್ಯಾಲೆ ಕೈಯಿಟ್ಟು, "ನಾ ನೋಡಕೋತೇನಿ ಮಾಯ್, ಒಂದೂ ಕಡಿಮಿ ಆಗೂದಿಲ್ಲ" ಅಂದ್ಲು. ಅಂದ ಮ್ಯಾಲೆ ತಾನ ಅಂಜಿದ್ಲು.

ಮಾತಾಗಿದ್ದು ಇಷ್ಟು. ಕಾಳು, ನೀರು, ಗೂಡು ತೆಗಿಯೂದು ಮುಚ್ಚೂದು ಶರಣಮ್ಮಂದು. ತತ್ತಿ ಮಾತ್ರ ಇನಾಸ ಶನಿವಾರಕ್ಕೊಮ್ಮೆ ಬಂದು ತಗೊಂಡು ಹೋಗಬೇಕು. ವಾರಗಟ್ಟಲೆ ಪೆಟ್ಟಿಗ್ಯಾಗ ತತ್ತಿ ಬಿದ್ದಿರತಿದ್ವು, ಶರಣಮ್ಮ ಅತ್ತಾಗ ಮುಖಾನೂ ಹೊಳ್ಳಸತಿರಲಿಲ್ಲ. ಒಂದರ ಮ್ಯಾಲೊಂದು ಕೋಳಿ ಹತ್ತಿ ತುಳೀತಿದ್ವು, ತತ್ತಿ ಒಡೀತಿದ್ವು. ಒಡದದ್ದನ್ನ ಮೊದಲ ಕೆಂಪಿ ರುಚಿ ನೋಡಿತು. ಆಮ್ಯಾಲೆ ಉಳದವಕ್ಕ ಬ್ಯಾರೆ ಕಲಸಬೇಕೇನ?

ಇದರ ಮ್ಯಾಲೆ ಮನ್ಯಾಗ ಅತ್ತಿ. ಮೊಮ್ಮಗನ್ನ ನೋಡಾಕಂತ ಊರಿಂದ ಬಂದ ಕಾಶಮ್ಮ ಇನ್ನೂ ಇಲ್ಲೇ ಇದ್ಲು. ದಿನಾ ಹಿತ್ತಲ ಪಡಸಾಲ್ಯಾಗ ಕಂಬಕ್ಕ ಬೆನ್ನ ಹಚ್ಚಿ ಕೂತು ಎಲಿ ಅಡಿಕಿ ಮಡಚಾಕಿ, ಬಟ್ಟಿಗೆ ಹತ್ತಿದ ಸುಣ್ಣ ಅದ ಕಂಬಕ್ಕ ಒರಸಾಕಿ. ಕೋಳಿ ಬಂದು ಆ ಕಂಬಾ ಕುಕ್ಕಿದ್ವಂದ್ರ ಕೋಲ ಎತ್ತಿ, "ಹಚಾ! ನನ್ನ ಸುಣ್ಣದ ಮ್ಯಾಲೆ ಯಾಕ ಕಣ್ಣ ನಿಮಗ" ಅಂತ ಓಡಸಾಕಿ. ಗೂಡಿನ ಕಡೆ ಹೋಗಿ ಬಂದ ಸೊಸಿ ತಲಿಮ್ಯಾಲೆ ನೀರ ಹಾಕ್ಕೊಳ್ಳದ ಒಲಿ ಮುಂದ ಹೋಗೂ ಹಂಗಿರಲಿಲ್ಲ.

ಶನಿವಾರ ಇನಾಸ ಬಂದ. ಪೆಟ್ಟಿಗಿ ಒಳಗ ಬಗ್ಗಿ ನೋಡಿ, ಕೈಗೆ ಹತ್ತಿದ ಲೋಳಿ ಹುಲ್ಲಿಗೆ ಒರಸಿ ನಕ್ಕ. ಅವನ ಹೊಟೆಲ್‌ದಾಗ ಬಿಜಾಪುರದ ಹುಡುಗರು ದುಡಿತಿದ್ರು, ಅವರಿಂದ ಕನ್ನಡ ಕಲತಿದ್ದ.

"ವೈನಿ, ಕೋಳಿಗೆ ತತ್ತಿ ರುಚಿ ಹತ್ತಿದ್ರ ಮುಗೀತು. ಇದಕ್ಕ ಔಷಧ ಇಲ್ಲ, ಚಾಕು ಒಂದ."

"ಮಾಯ್ ಬರೂತನಕ ತಡೀರಿ, ಇನಾಸಬಾಬ್."

"ಮೌಶಿ ಬಂದು ಏನ ಮಾಡತಾಳ? ಕಾಳು ತಿಂದು ತತ್ತಿನೂ ತಿನ್ನೂ ಕೋಳಿ ಕಟಗೊಂಡು?" ಏನೋ ದೊಡ್ಡ ಉಪಕಾರ ಮಾಡೂರಂಗ ಅಂದ. "ಆಯ್ತು. ಬರೂ ಶನಿವಾರ ಬಿಡ್ರಿ, ಅದರಾಚಿ ಶನಿವಾರ ಬರತೇನಿ. ಪೆಟ್ಟಿಗ್ಯಾಗ ಇಟ್ಟ ತತ್ತಿ ಇಟ್ಟಂಗ ಇತ್ತೋ, ಬಿಟ್ಟು ಹೋಗತೇನಿ. ಇರಲಿಲ್ಲೋ, ಬುಟ್ಟಿ ತಂದಿರತೇನಿ. ಎಲ್ಲಾ ಕಲಂಗುಟಕ್ಕ."

ಶರಣಮ್ಮ ಗೂಡಿನ ಕಡೆ ನೋಡಿದ್ಲು. ಹುಟ್ಟಿದಾಗಿಂದ ಒಂದ ಜೀವಾ ಕೊಂದಾಕಿ ಅಲ್ಲ, ತಿಂದಾಕಿ ಅಲ್ಲ. ಈಗ ನೋಡಿದ್ರ ತಾ ತತ್ತಿ ಮುಟ್ಟಲಾರದ್ದಕ್ಕ ಗೂಡಿಗೆ ಗೂಡ ಕತ್ತಿಗೆ ಹೋಗೂ ಹೊತ್ತು ಬಂತು! ಎಂಥಾ ಮಡಿ ಇದು, ಯಾರ ಉದ್ಧಾರಕ್ಕ? ಅವತ್ತ ಆಕಿಗೆ ಅನ್ನ ಸೇರಲಿಲ್ಲ.

ಮರುದಿನ ಆಕಿಗೊಂದು ಹಂಚಿಕಿ ಹೊಳೀತು. ಊರಾಗ ಬಟ್ಟ ಚೀಪೂ ಹುಡುಗರಿಗೆ ಬಟ್ಟಿಗೆ ಖಾರಾ ಹಚ್ಚಿ ಚಟಾ ಬಿಡಸ್ತಾರ. ಕೋಳಿಗೂ ಅದ ಮಾಡೂಣು! ಅತ್ತಿ ಕಣ್ಣ ತಪ್ಪಿಸಿ ಗೂಡಿಗೆ ಹೋಗಿ, ಶಿವನ ನೆನಸಿ ಕಣ್ಣ ಮುಚ್ಚಿ, ಪೆಟ್ಟಿಗ್ಯಾಗ ಕೈಯಿಟ್ಟು ಒಂದು ತತ್ತಿ ಹಿಡದ್ಲು. ಬೆಚ್ಚಗ ಇತ್ತು. ಹೆಬ್ಬಟ್ಟು ಊರಿದಲ್ಲಿ ಹಪ್ಪಳದಂಗ ತಗ್ಗಿಗೆ ಹೋತು. ತತ್ತಿ ಅಂದ್ರ ಹಿಂಗ ಇರತಾವು ಅಂತ ಆಕಿ ತಿಳಕೊಂಡ್ಲು. ಆಕಿಗೆ ಹ್ಯಾಂಗ ಗೊತ್ತಿರಬೇಕು, ಪಾಪ!

ಒಳಗಿನದೆಲ್ಲಾ ಚೆಲ್ಲಿ, ಅಂಗಡ್ಯಾಗಿನ ಎಲ್ಲಾದಕಿಂತಾ ಜೋರ ಖಾರಾ ಕಲಸಿ ತುಂಬಿ, ಪೆಟ್ಟಿಗ್ಯಾಗ ಇಟ್ಟು, ಕದದ ಹಿಂದ ನಿಂತ್ಲು. ಕಲಸುವಾಗನ ಆಕಿ ಕಣ್ಣಾಗ ನೀರ ಸುರದಿದ್ವು. ಕೆಂಪಿ ಬಂತು. ಕುಕ್ಕಿತು. ಮತ್ತೊಮ್ಮೆ ಕುಕ್ಕಿತು. ಆಮ್ಯಾಲೆ ಗಬಾಗಬಾ ಅಷ್ಟೂ ತಿಂದು, ಕೆಂಪಗಾದ ಚುಂಚಾ ಎತ್ತಿ ಇನ್ನೂ ಐತೇನ ಅನ್ನೂವಂಗ ಶರಣಮ್ಮನ ಮುಖಾ ನೋಡಿತು. ಉಳದವೂ ಬಂದು ಮೆತ್ತಿದ್ದನ್ನ ನೆಕ್ಕಿದಂಗ ಮಾಡಿ ಹೋದ್ವು. ಶರಣಮ್ಮಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಇನ್ನ ಅಂಜಿಕಿ ಬಿಟ್ಲು. ಕೈ ಹೆಂಗೂ ಒಮ್ಮೆ ಹೊಲಸಾಗೇತಿ, ಇನ್ನೇನ ಆಗೂದೈತಿ? ಪೆಟ್ಟಿಗಿ ಬಾಯಿಗೆ ಗೋಣಿ ತಟ್ಟಿನ ಪರದೆ ಕಟ್ಟಿದ್ಲು, ಒಳಗ ಕತ್ತಲಾದ್ರ ತತ್ತಿ ಕಾಣೂದಿಲ್ಲಂತ. ಹುಲ್ಲ ಬದಲ ಮಾಡಿದ್ಲು. ಕೋಳಿ ಕೂಗಿದ ಕೂಡ್ಲೆ ಓಡಿ ಹೋಗಿ ತತ್ತಿ ತಗದು ಮಾವಿನ ಟೊಂಗಿಗೆ ತೂಗಬಿಟ್ಟ ಬುಟ್ಯಾಗ ಇಡತಿದ್ಲು. ದಿನಕ್ಕ ಎಷ್ಟ ಸಲ ಸ್ನಾನಾ ಆತೋ, ನೆಗಡಿ ಹತ್ತಿ ಮೂಗ ಕೆಂಪಾತು. ಆದ್ರೂ ತತ್ತಿ ಹೆಂಗಾದ್ರೂ ಒಡೀತಿದ್ವು. ಕೈಗೆ ಬಂದ ಕೆಲವು ಹಿಡದ್ರ ಸಾಕು, ಬಿರೀತಿದ್ವು.

ಕತ್ತಲ ಪೆಟ್ಟಿಗಿ ಒಗ್ಗದ ಒಂದು ಬಿಳಿ ಕೋಳಿ ಬ್ಯಾರೆ ಜಾಗಾ ಹುಡಕಿತು. ಎಲ್ಲಿ ಅಂತೀರಿ? ಅಡಿವೆಯ್ಯನ ಅಂಗಡ್ಯಾಗ, ಬಾಯಿ ಬಿಚ್ಚಿದ ಮೆಣಸಿನಕಾಯಿ ಚೀಲದ ಮ್ಯಾಲೆ! ಗಿರಾಕಿ ತುಂಬಿದ ಹೊತ್ತಿನ್ಯಾಗ ಕೊಕ್ಕೊಕ್ಕೋ ಅಂತ ಎದ್ದು ಹಾರಿ ಹೋತು, ಕೆಂಪ ಮೆಣಸಿನಕಾಯಿ ನಡುವ ಬೆಳ್ಳಗ ತತ್ತಿ ಕೂತಿತ್ತು. "ಅಯ್ಯನೋರ, ಇದನ್ನೂ ತೂಕದ ಮ್ಯಾಲೆ ಕೊಡತೀರೇನ?" ಅಂತ ಯಾರೋ ಅಂದ್ರು. ಅಂಗಡಿಗೆ ಅಂಗಡೀನ ನಕ್ಕಿತು. ಅಡಿವೆಯ್ಯ ನೆಲಾ ನೋಡಕೋತ ನಿಂತ.

ಒಳಗ ಕಾಶಮ್ಮ ಗಂಟು ಕಟ್ಟಿದ್ಲು. "ಮನಿತನದ ಮಾನಾ ಪ್ಯಾಟ್ಯಾಗ ಹರಾಜಾತು. ಆ ಕೋಳಿ ಹೋಗಬೇಕು, ಇಲ್ಲಾ ನಾ ಹುಬ್ಬಳ್ಳಿ ಬಸ್ಸಿಗೆ ಹೋಗಬೇಕು. ಶನಿವಾರ ಅಂವಾ ಬಂದಾಗ ಎಲ್ಲಾ ತುಂಬಿ ಕಳಸು."

"ಕಳಸಿದ್ರ ಕೊಯ್ತಾನ್ರಿ, ಅತ್ಯಾರ."

"ಅವನ ಪಾಪ ಅವಗ."

"ನಾ ಕೈಯಾರೆ ತುಂಬಿ ಕೊಟ್ಟ ಮ್ಯಾಲೆ ಅವಗ ಹೆಂಗಾಗತೈತ್ರಿ? ನಿಮ್ಮ ಮೊಮ್ಮಗನ ಕೊಳ್ಳಾಗಿನ ಬಳ್ಳಿ ಬಿಡಿಸಿದಾಕಿಗೆ ನಾ ಏನಂತ ಮುಖಾ ತೋರಸ್ಲಿ?"

ಅತ್ತಿಗೆ ಎದರ ಮಾತಾಡಿದ್ದು ಇದ ಮೊದಲು. ಕಾಶಮ್ಮ ಗಂಟು ಬಿಚ್ಚಲಿಲ್ಲ. ಶನಿವಾರತನಕ ನೋಡತೇನಿ ಅಂತ ಗ್ವಾಡಿಗೆ ಹೇಳಿದಂಗ ಹೇಳಿ ಎಲಿ ಚೀಲಾ ತಗೊಂಡು ಕೂತ್ಲು.

ಆವತ್ತ ಸಂಜಿಕ ದೇವರ ಜಗಲಿಗೆ ದೀಪಾ ಹಚ್ಚೂ ಮುಂದ ಶರಣಮ್ಮನ ಕಣ್ಣ ವಿಭೂತಿ ಉಂಡಿ ಮ್ಯಾಲೆ ನಿಂತ್ವು. ಬೆಳ್ಳಗ, ದುಂಡಗ, ಗಟ್ಟಿ. ಥೇಟ್ ತತ್ತಿ. ಇದನ್ನ ಪೆಟ್ಟಿಗ್ಯಾಗ ಇಟ್ರ? ಕುಕ್ಕಿ ಕುಕ್ಕಿ ಒಡೀಲಾರದ ಬ್ಯಾಸತ್ತು ಚಟಾ ಬಿಟ್ರೂ ಬಿಟ್ಟಾವು. ಬಿಳಿ ಕೋಳಿನೂ ತತ್ತಿ ಕಂಡು ಇಲ್ಲೇ ಇಡಾಕ ಬಂದೀತು. ಒಂದ ಮನಸ್ಸು ಛೀ ಅಂತು, ಒಂದ ಮನಸ್ಸು ಇನಾಸನ ಬುಟ್ಟಿ ತೋರಿಸಿತು. "ತಪ್ಪಾತು ನಮ್ಮಪ್ಪಾ, ಜೀವಾ ಉಳಸಾಕ ಒಯ್ಯಾಕತ್ತೇನಿ" ಅಂತ ಗಲ್ಲಾ ಬಡಕೊಂಡು ಉಂಡಿ ಉಡಿಯಾಗ ಹಾಕ್ಕೊಂಡ್ಲು.

ಮರುದಿನ ನೋಡಿದ್ರ ಉಂಡಿನ ಇಲ್ಲ! ಹುಲ್ಲಿನ್ಯಾಗ ಒಂಚೂರು ಬಿಳಿ ಪುಡಿ, ಅಷ್ಟ. ತಿಂದುಬಿಟ್ಟಿದ್ವು. ಶರಣಮ್ಮ ಮತ್ತೊಂದು ತಂದಿಟ್ಲು. ಅದಕ್ಕೂ ಕೋಳಿ ಮುಗಿಬಿದ್ವು. ಗೋಣಿ ತಟ್ಟು ಎತ್ತಿ ಹಿಡದು ಆಕಿ ನೋಡಾಕತ್ತಿದ್ಲು, ಹಿಂದಿನಿಂದ ದನಿ ಬಂತು.

"ಶರಣವ್ವಾ!"

ಪೂಜಿಗೆ ಕೂತ ಕಾಶಮ್ಮ ಖಾಲಿ ಜಗಲಿ ನೋಡಿ ಎದ್ದು ಬಂದಿದ್ಲು. ಪೆಟ್ಟಿಗಿ ಒಳಗ ನೋಡಿದ್ಲು. ಹಣಿ ಮ್ಯಾಲೆ ಇರಬೇಕಾದ ವಿಭೂತಿ ಕೋಳಿ ಚುಂಚಿನ್ಯಾಗ ಇತ್ತು. ಮುದುಕಿ ಮುಖಾ ಕಪ್ಪಿಟ್ಟಿತು. ಕೈ ಎತ್ತಿದ್ಲು. ಶರಣಮ್ಮ ಸರೀಲಿಲ್ಲ, ಬಡೀಲಿ ಅಂತ ಕಣ್ಣ ಮುಚ್ಚಿ ನಿಂತ್ಲು.

ಏಟು ಬೀಳಲಿಲ್ಲ. ಕಣ್ಣ ತೆಗದ್ರ ಅತ್ತಿ ಈಕಿನ್ನ ನೋಡಾಕತ್ತಿರಲಿಲ್ಲ, ಕೆಂಪಿನ್ನ ನೋಡಾಕತ್ತಿದ್ಲು. ಕೆಂಪಿ ಹುಲ್ಲಿನ ಸಂದ್ಯಾಗ ಬಿದ್ದ ಪುಡೀನೂ ಬಿಡದಂಗ ಆರಸಾಕತ್ತಿತ್ತು. ಕಾಶಮ್ಮ ಹೊಳ್ಳಿ ಪಡಸಾಲಿ ಕಂಬಾ ನೋಡಿದ್ಲು. ಆಕಿ ಒರಸಿದ ಸುಣ್ಣದ ಗುರ್ತು ಒಂದೂ ಉಳದಿರಲಿಲ್ಲ, ಕೋಳಿ ಮುಟ್ಟೂ ಎತ್ತರದಾಗ ಕಟಿಗಿ ಬರೇ ತೂತು.

"ನೀ ಕುಬಸಕ್ಕ ಊರಿಗೆ ಬಂದಾಗ," ಅಂದ್ಲು ಕಾಶಮ್ಮ, ದನೀನ ಬ್ಯಾರೆ ಆಗಿತ್ತು, "ಜಗಲಿ ಮ್ಯಾಲಿನ ವಿಭೂತಿ ದಿನಾ ಸವೀತಿತ್ತು. ನಾ ನೋಡಿಲ್ಲಂತ ತಿಳದೀಯೇನ?"

ಶರಣಮ್ಮನ ಕಿವಿತನಕಾ ಬಿಸಿ ಏರಿತು. ಬಸರಿದ್ದಾಗ ಆಕಿ ತಡಕೊಳ್ಳಾಕ ಆಗದ ಕದ್ದು ವಿಭೂತಿ ಮುರದು ತಿಂತಿದ್ಲು. ಆ ಸಂಗತಿ ಗಂಡಗೂ ಹೇಳಿರಲಿಲ್ಲ.

"ಸವದಂಗ ಸವದಂಗ ಹೊಸಾದು ಯಾರ ಇಡತಿದ್ರು? ದೇವರು ಇಡತಿದ್ನೇನ? ಹುಚ್ಚಿ. ಅಡಿವೆಯ್ಯ ಹೊಟ್ಟ್ಯಾಗಿದ್ದಾಗ ನಾನೂ ಒಲಿ ಬೂದಿ ಮುಕ್ಕಿದಾಕಿ. ಒಳಗ ಎಲುಬು ಕಟ್ಟೂದಿರತೈತಿ, ಮೈ ಬೇಡತೈತಿ." ಆಕಿ ಕೋಳಿ ಕಡೆ ಗದ್ದಾ ಎತ್ತಿದ್ಲು. "ಇವಕ್ಕೂ ಅದ ಬಯಕಿ. ದಿನಾ ಒಂದು ಸಿಪ್ಪಿ ಕಟ್ಟಬೇಕಲ್ಲಾ, ಎಲ್ಲಿಂದ ತರಬೇಕು ಪಾಪ? ಅದಕ್ಕ ಇಟ್ಟದ್ದನ್ನ ತಿಂದು ಹೊಳ್ಳಿ ತುಂಬಸಾಕತ್ತಾವ. ಆ ಮುದುಕಿ ಇದ್ದಾಗ ಏನ ತಿಂತಿದ್ವು?"

"ಇದ ಜ್ವಾಳ, ಇದ ನುಚ್ಚು, ಅಡಗಿಮನ್ಯಾಗ ಉಳದದ್ದು..." ಅಂದಾಕಿ ಶರಣಮ್ಮ ಅರ್ಧಕ್ಕ ನಿಂತ್ಲು. ಕಿತೇರಿಮಾಯ್ ಇದ್ದಾಗ ದಿನಾ ಮುಂಜಾನೆ ಬಾವಿ ಕಡೆಯಿಂದ ಠಕ್ ಠಕ್ ಅಂತ ಕಲ್ಲಿನ ಸಪ್ಪಳ ಬರತಿತ್ತು. ಒಲಿಗೆ ತೆಂಗಿನ ಕರಟಾ ಒಡ್ಯಾಕತ್ತಾಳಂತ ಈಕಿ ತಿಳದಿದ್ಲು. ಮಾಯ್ ಹೋದ ಮ್ಯಾಲೆ ಆ ಸಪ್ಪಳ ಕೇಳಿರಲಿಲ್ಲ.

ಇಬ್ಬರೂ ಬಾವಿ ಹಿಂದ ಹೋದ್ರು. ಒಗಿಯೂ ಕಲ್ಲಿನ ಆಚೆ, ಬಾಳಿಗಿಡದ ಬುಡಕ, ಬೆಳ್ಳಗ ಗುಡ್ಡಿ ಬಿದ್ದಿತ್ತು. ಮಾಯ್ ಸಾರ ಮಾಡಿ ಉಂಡು ಒಗದ ತಿಸ್ರ್ಯೊ, ಸಮುದ್ರದ ಕಪ್ಪೆಚಿಪ್ಪು. ಪಕ್ಕಕ್ಕ ನಡುವ ತಗ್ಗು ಬಿದ್ದ ಕಲ್ಲು, ಗುಂಡು. ತಗ್ಗಿನ್ಯಾಗ ಇನ್ನೂ ಒಂಚೂರು ಬಿಳಿ ಪುಡಿ ಇತ್ತು. ಮಾಯ್ ಇದನ್ನ ಹೇಳಿ ಹೋಗಿರಲಿಲ್ಲ. ಎಂಜಲಾ ಹಾಕು ಅಂದಿದ್ಲು, ಆಕಿ ಲೆಕ್ಕದಾಗ ಎಂಜಲಂದ್ರ ಚಿಪ್ಪೂ ಬಂತು. ಅಯ್ಯನೋರ ಅಡಗಿಮನಿ ಎಂಜಲದಾಗ ಚಿಪ್ಪು ಎಲ್ಲಿಂದ ಬರಬೇಕು?

ಶರಣಮ್ಮ ಕೈ ಚಾಚಿದ್ಲು. "ಮುಟ್ಟಬ್ಯಾಡ!" ಅಂತ ಕಾಶಮ್ಮ ಚೀರಿದ್ಲು. ಆಮ್ಯಾಲೆ ಗೂಡಿನ ಕಡೆ ಒಮ್ಮೆ ನೋಡಿ, ಮುಖಾ ಹೊಳ್ಳಿಸಿ ಅಂದ್ಲು, "ಮುಟ್ಟು. ಕೂಸಿನ್ನ ನಾ ಎತಗೋತೇನಿ. ಸಣ್ಣಗ ಕುಟ್ಟು."

ಅವತ್ತಿಂದ ಬಾವಿ ಹಿಂದ ಠಕ್ ಠಕ್ ಮತ್ತ ಸುರುವಾತು. ಕುಟ್ಟಿ ಹಾಕಿದ್ದನ್ನ ಕೋಳಿ ಕಾಳಿಗಿಂತ ಮೊದಲ ಮುಗಸ್ತಿದ್ವು. ಕಂಬದ ಸುಣ್ಣಾ ಕಂಬದ ಮ್ಯಾಲೆ ಉಳೀತು. ಆದ್ರ ಹತ್ತಿದ ಚಟಾ ಬಿಟ್ಟಾವೋ ಇಲ್ಲೋ ಯಾರಿಗೆ ಗೊತ್ತು? ಕೂಗಿದ ಕೂಡ್ಲೆ ಶರಣಮ್ಮ ತತ್ತಿ ತಗೀತಿದ್ಲು, ಪೆಟ್ಟಿಗ್ಯಾಗ ಬಿಟ್ಟು ನೋಡೂ ಧೈರ್ಯ ಆಗಿರಲಿಲ್ಲ.

ಶನಿವಾರ ಇನಾಸ ಹೇಳಿದಂಗ ಬಂದ. ಹೆಗಲಿಗೆ ಹಗ್ಗ, ಕೈಯಾಗ ದೊಡ್ಡ ಬುಟ್ಟಿ. ಶರಣಮ್ಮ ಟೊಂಗಿ ಮ್ಯಾಲಿನ ತತ್ತಿ ಇಳಿಸಿ ತೋರಿಸಿದ್ಲು. ಅಂವಾ ಒಂದನ್ನ ಎತ್ತಿ ನೋಡಿ ನಕ್ಕ.

"ಬಜಾರದಾಗಿಂದ ತಂದು ನನಗ ತೋರಸಾಕತ್ತೀರೇನ, ವೈನಿ?"

"ಖರೇನ ಇವ ಇಟ್ಟಾವ್ರಿ. ನಮ್ಮಪ್ಪನ ಆಣಿ."

"ಹಂಗಾದ್ರ ನನ್ನ ಕಣ್ಣ ಮುಂದ ಇಡ್ಲಿ. ಇಟ್ಟು ಎದ್ದು ಹೋಗ್ಲಿ, ತತ್ತಿ ಅಲ್ಲೇ ಇರ್ಲಿ. ನೀವು ಕೈ ಹಾಕಬ್ಯಾಡ್ರಿ." ಅಂವಾ ಅಷ್ಟಕ್ಕ ಬಿಡಲಿಲ್ಲ. ಕಾಲಾಗ ಸುಳ್ಯಾಡೂ ಬಿಳಿ ಕೋಳಿ ಹಿಡದು, ಕಾಲ ಕಟ್ಟಿ ಬುಟ್ಯಾಗ ಹಾಕಿ, ಬಾವಿ ಕಟ್ಟಿಗೆ ಕೂತು ಬೀಡಿ ಹಚ್ಚಿದ. ಅದರ ಒದ್ದಾಟಾ ಶರಣಮ್ಮಗ ನೋಡಾಕ ಆಗಲಿಲ್ಲ.

ಕೆಂಪಿ ಅತ್ತಿತ್ತ ತಿರಗಿ, ಕುರ್ ಕುರ್ ಅಂದು, ಗೋಣಿ ತಟ್ಟು ಸರಿಸಿ ಪೆಟ್ಟಿಗಿ ಹೊಕ್ತು. ಅಡಿವೆಯ್ಯ ಅಂಗಡಿ ಬಿಟ್ಟು ಬಂದು ಹಿತ್ತಲ ಬಾಗಲದಾಗ ನಿಂತಿದ್ದ. ಕಾಶಮ್ಮ ಕಂಬಕ್ಕ ಬೆನ್ನ ಹಚ್ಚಿ ಕೂತಾಕಿ ಎಲಿ ಬಾಯಾಗ ಇಟ್ಟು ಅಗಿಯೂದ ಮರತಿದ್ಲು. ಶರಣಮ್ಮ ಕೂಸಿನ್ನ ಎಷ್ಟ ಬಿಗಿ ಹಿಡದಿದ್ಲಂದ್ರ ಅದು ಅಳಾಕ ಹತ್ತಿತು.

ಕಡೀಕ ಕೆಂಪಿ ಕೂಗಿತು. ಹೊರಗ ಹಾರಿ, ರೆಕ್ಕಿ ಝಾಡಿಸಿ ಹೋತು. ಇನಾಸ ಏಳಲಿಲ್ಲ, ಇನ್ನೂ ಕಾಯ್ರಿ ಅಂತ ಕೈ ತೋರಿಸಿದ. ಅಷ್ಟರಾಗ ಇನ್ನೊಂದು ಕೋಳಿ, ಕರೀದು, ಪೆಟ್ಟಿಗಿ ಹೊಕ್ತು. ಒಂದಗಳಿಗಿ ಸುಮ್ಮನಿತ್ತು. ಆಮ್ಯಾಲೆ ಒಳಗಿಂದ ಸಪ್ಪಳ ಬಂತು.

ಟೊಕ್. ಟೊಕ್ ಟೊಕ್.

ಶರಣಮ್ಮ ಕಣ್ಣ ಮುಚ್ಚಿದ್ಲು. ಮುಗೀತು, ಎಲ್ಲಾ ಮುಗೀತು. ಇನಾಸ ಬೀಡಿ ಒಗದು, ಹಗ್ಗಾ ಬಿಚ್ಚಕೋತ ಎದ್ದ. "ಕೇಳಿದ್ರಲ್ಲಾ? ನಾ ಹೇಳಿದ್ದು ಸುಳ್ಳೇನ?"

ಅವನಕಿಂತಾ ಮೊದಲ ಗೂಡಿನ ಮುಂದ ಕಾಶಮ್ಮ ನಿಂತಿದ್ಲು. ಯಾವಾಗ ಎದ್ಲೋ, ಹೆಂಗ ಅಂಗಳಾ ದಾಟಿದ್ಲೋ! ಗೋಣಿ ತಟ್ಟು ಎತ್ತಿ, ಹುಟ್ಟಿದಾಗಿಂದ ತತ್ತಿ ಹೆಸರ ತಗೊಳ್ಳದ ಮುದುಕಿ, ಬಳಿ ತುಂಬಿದ ಕೈ ಮೊಣಕೈತನಕಾ ಕೋಳಿ ಬುಡಕ ಹಾಕಿದ್ಲು. ಕರಿ ಕೋಳಿ ಕೈಗೆ ಕುಕ್ಕಿತು, ರಕ್ತ ಬಂತು. ಆಕಿ ತಗೀಲಿಲ್ಲ. ತಡಕಾಡಿ ಮುಟಗಿ ಹಿಡದು ಹೊರಗ ತಂದು, ಇನಾಸನ ಮುಖದ ಮುಂದ ಬಿಚ್ಚಿದ್ಲು.

ಅಂಗೈಯಾಗ ಎರಡು ಇದ್ವು. ಒಂದು ಕೆಂಪಿ ಇಟ್ಟ ತತ್ತಿ, ಇನ್ನೂ ಬಿಸಿ, ಎಲ್ಲೂ ಒಂದ ಬಿರಕಿಲ್ಲ. ಇನ್ನೊಂದು ಅವತ್ತಿಂದ ಹುಲ್ಲಿನ ಬುಡಕ ಉಳದಿದ್ದ ಎರಡನೇ ವಿಭೂತಿ ಉಂಡಿ, ಚುಂಚಿನ ತೂತು ಬಿದ್ದು ಅರ್ಧಾ ಸವದದ್ದು.

"ಕುಕ್ಕಿದ್ದು ಇದನ್ನ," ಅಂದ್ಲು ಕಾಶಮ್ಮ. ತತ್ತಿ ಎತ್ತಿ ಗೂಡಿನ ಕಟಿಗಿಗೆ ಮೆಲ್ಲಕ ಬಡದ್ಲು. ಟಕ್ ಅಂತು, ಒಡೀಲಿಲ್ಲ. "ಇದು ಇಟ್ಟಂಗ ಐತಿ. ನಿನ್ನ ಬಾಯಿಲೆ ನೀ ಆಡಿದ ಮಾತು. ಆ ಬಿಳಿ ಕೋಳಿ ಕಾಲ ಬಿಚ್ಚು."

ಇನಾಸ ತತ್ತಿ ತಗೊಂಡು ಬೆಳಕಿಗೆ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದ. ಮುದುಕಿ ಕೈಯಾಗಿನ ರಕ್ತಾನೂ ನೋಡಿದ. ಬಿಳಿ ಕೋಳಿ ಕಾಲಿನ ಹಗ್ಗಾ ಬಿಚ್ಚಿ, ಖಾಲಿ ಬುಟ್ಟಿ ತಗೊಂಡು ಹೋದ. ಶರಣಮ್ಮ ಅಲ್ಲೇ ನೆಲಕ್ಕ ಕುಸದು, ಕೂಸಿನ ಕೊಳ್ಳಾಗ ಮುಖಾ ಇಟ್ಟು ಅತ್ಲು.

ಕಾಶಮ್ಮ ವಿಭೂತಿ ಉಂಡಿಗೆ ಹತ್ತಿದ ಹುಲ್ಲ ಊದಿದ್ಲು. ಎಲ್ಲಿ ಇಡಬೇಕಂತ ಜಗಲಿ ಕಡೆ ಒಮ್ಮೆ, ಗೂಡಿನ ಕಡೆ ಒಮ್ಮೆ ನೋಡಿದ್ಲು. ಮೂರು ಬಟ್ಟ ಅದರ ಮ್ಯಾಲೆ ತಿಕ್ಕಿ, ಹಣಿಗೆ ಹಚ್ಚಕೊಂಡು, ತಿರಗಿ ಪೆಟ್ಟಿಗ್ಯಾಗ ಇಟ್ಟು ಗೋಣಿ ತಟ್ಟು ಇಳಿಬಿಟ್ಲು.

"ಅಳೂದ ಸಾಕು ಶರಣವ್ವಾ, ಏಳು. ನನಗ ನೀರ ಕಾಸು," ಅಂದ್ಲು. "ಗಂಟ ಬಿಚ್ಚಿ ಒಳಗಿಡು. ಹಂಗ ಅಡಿವೆಯ್ಯಗ ಹೇಳು, ಊರಿಂದ ವಿಭೂತಿ ತರಸುವಾಗ ಇನ್ಮ್ಯಾಲೆ ಎರಡ ಉಂಡಿ ಜಾಸ್ತಿ ತರಸ್ಲಿ."